ನೆಲಮಂಗಲದ ನಂಬರು

ಬಸಲಿಂಗನ ಹೆಂಡತಿ ಜೋರ್ಡಾನಿಗೆ ಹೋದಳು ಎಂಬ ಸುದ್ದಿ ಪೀಣ್ಯದಲ್ಲಿ ತಗಡು ಒತ್ತುವ ಅವನ ಪ್ರೆಸ್ ಶಾಪಿನವರಿಗೆ ತಿಂಗಳುಗಟ್ಟಲೆ ಬಾಯಾಡಿಸಲು ಸಾಕಾಯಿತು. ಗಂಡ ದುಬೈಗೆ ಹೋಗಿ ಹೆಂಡತಿ ಇಲ್ಲಿ ಕೂತು ಫೋನು ಕಾಯುವುದನ್ನು ಎಲ್ಲರೂ ಕಂಡಿದ್ದರು. ಇಲ್ಲಿ ನೋಡಿದರೆ ಎಲ್ಲ ಉಲ್ಟಾ. ಶೈಲಶ್ರೀ ಗಾರ್ಮೆಂಟ್ಸಿನಲ್ಲಿ ಲೈನ್ ಸೂಪರ್‌ವೈಸರ್. ಅವಳ ಕಂಪನಿಯವರು ಹೊರದೇಶದಲ್ಲಿ ಹೊಸ ಫ್ಯಾಕ್ಟರಿ ತೆರೆದು, ಅಲ್ಲಿಯ ಹುಡುಗಿಯರಿಗೆ ಕೆಲಸ ಕಲಿಸಲು ಒಂದೂವರೆ ವರ್ಷದ ಮಟ್ಟಿಗೆ ಅವಳನ್ನು ಆರಿಸಿದ್ದರು. "ಹೋಗಲೇನ್ರಿ?" ಎಂದು ಅವಳು ಕೇಳಿದಾಗ ಬಸಲಿಂಗ ರಾತ್ರಿಯೆಲ್ಲ ಹೊರಳಾಡಿ ಬೆಳಿಗ್ಗೆ "ಹೋಗಿ ಬಾ" ಅಂದಿದ್ದ. ಬಾದಾಮಿ ಕಡೆಯ ಗಂಡಸು ಹಾಗನ್ನುವುದು ಸಣ್ಣ ಮಾತಲ್ಲ. ದೇವನಹಳ್ಳಿಯ ಹೊಸ ಏರ್‌ಪೋರ್ಟಿನ ಬಾಗಿಲಲ್ಲಿ ನಿಂತು ಕೈ ಬೀಸಿದ್ದ, ವಾಪಸು ಬರುವಾಗ ಬಸ್ಸಿನಲ್ಲಿ ಮುಖ ಕಿಟಕಿಗೆ ತಿರುಗಿಸಿಕೊಂಡು ಅತ್ತಿದ್ದ. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದೆ ಅವನು ಮಾಡಿದ ಘನಕಾರ್ಯ ಕೇಳಿ ನೀವು ಅವನನ್ನು ಬಾಯಿಗೆ ಬಂದಂತೆ ಬೈದೀರಿ. ಬೈಯಬೇಕಾದದ್ದೇ, ಆದರೆ ಸ್ವಲ್ಪ ತಡೆದು ಬೈಯಿರಿ.

ಮಾದನಾಯಕನಹಳ್ಳಿಯಲ್ಲಿ ಅವರದು ಸಾಲುಮನೆಗಳ ಕೊನೆಯ ರೂಮು. ಅದರ ಪಕ್ಕಕ್ಕೇ ಮಾಲಕಿ ಲಕ್ಷ್ಮಮ್ಮ ಹಸು ಕಟ್ಟುವ ಜಾಗ. ಹೊಲವೆಲ್ಲ ಗೋಡೌನುಗಳಾದರೂ ಲಕ್ಷ್ಮಮ್ಮ ಆ ಒಂದು ಹಸುವನ್ನು ಬಿಟ್ಟುಕೊಟ್ಟಿರಲಿಲ್ಲ. ಶೈಲಶ್ರೀ ಹೋದ ಮೇಲೆ ಬಸಲಿಂಗನಿಗೆ ಊಟವೆಂದರೆ ಹೋಟೆಲಿನ ಚಿತ್ರಾನ್ನ, ಅದೂ ಇಲ್ಲದಿದ್ದರೆ ಬ್ರೆಡ್ಡು. ಹೀಗಿರುವಾಗ ಒಂದು ಶುಕ್ರವಾರ ಸಂಜೆ, ಅವನು ಆಗಷ್ಟೇ ಕೆಲಸದಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗ, ಫೋನು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು.

"ರೀ, ನಾನು!"

ಬಸಲಿಂಗನಿಗೆ ಒದ್ದೆ ಕೈಯಲ್ಲಿ ಫೋನು ನಿಲ್ಲಲಿಲ್ಲ.

"ಇಲ್ಲೆ ಶುಕ್ರವಾರ ಸೂಟಿ ಐತ್ರಿ," ಅಂದಳು ಶೈಲಶ್ರೀ. "ಸೀದಾ ಫೋನ್ ಮಾಡಿದ್ರ ಹಲೋ ಅನ್ನೂದ್ರೊಳಗ ರೊಕ್ಕ ಮುಗೀತೈತಿ. ನಮ್ಮ ರೂಮಿನ ಶ್ರೀಲಂಕಾದಾಕಿ ಒಂದು ಕಾರ್ಡ್ ತೋರಿಸ್ಯಾಳ. ಅದನ್ನ ಗೀಚಿ, ಒಳಗಿನ ನಂಬರ್ ಒತ್ತಿ, ಆಮ್ಯಾಲ ನಿಮ್ಮ ನಂಬರ್ ಒತ್ತೂದು. ಬಾಳ ಅಗ್ಗ. ಮನಸಿಗೆ ಬಂದಷ್ಟು ಮಾತಾಡಬೌದು. ನೀವು ಮಾತ್ರ ತಿರುಗಿ ಮಾಡಾಕ ಹೋಗಬ್ಯಾಡ್ರಿ, ಸುಮ್ಮನ ನಿಮ್ಮ ಬ್ಯಾಲೆನ್ಸ್ ಹೊಕ್ಕೈತಿ."

ಅವಳು ಇಟ್ಟ ಕೂಡಲೇ ಬಸಲಿಂಗ ಮಾಡಿದ ಮೊದಲ ಕೆಲಸ, ಆ ನಂಬರನ್ನು 'ಶೈಲಾ' ಎಂದು ಸೇವ್ ಮಾಡಿಕೊಂಡದ್ದು. ಯಾರಾದರೂ ಮಾಡುವುದೇ ಅದು. ಆ ನಂಬರಿನ ಮುಂದೆ ಪ್ಲಸ್ ಇದೆಯೋ ಇಲ್ಲವೋ, ಅದು ನಮ್ಮ ಕಡೆಯದೋ ಅವರ ಕಡೆಯದೋ ಎಂದು ಆ ಸಂತೋಷದಲ್ಲಿ ಯಾರು ನೋಡುತ್ತಾರೆ?

ಅಲ್ಲಿಂದ ಪ್ರತಿ ಶುಕ್ರವಾರ ಸಂಜೆ ಫೋನಿನಲ್ಲಿ 'ಶೈಲಾ' ಮೂಡುತ್ತಿತ್ತು. ಅವನು ಬ್ರೆಡ್ಡು ತಿನ್ನುವುದು ತಿಳಿದು ಅವಳು ಅಲ್ಲಿಂದಲೇ ಅಡಿಗೆ ಕಲಿಸಲು ನಿಂತಳು. ಫೋನನ್ನು ಸ್ಪೀಕರಿಗೆ ಹಾಕಿ ಒಲೆಯ ಮೇಲಿನ ಗೂಡಿನಲ್ಲಿ ಇಡುವುದು, ಅವಳು ಹೇಳಿದಂತೆ ಇವನು ಮಾಡುವುದು. "ಸಾಸಿವಿ ಚಟಪಟ ಅನ್ನಾಕತ್ತಾವೇನು? ನನಗ ಕೇಳವಲ್ದು, ಫೋನ್ ಹತ್ತಿರ ಹಿಡೀರಿ. ಹಾಂ, ಈಗ ಉಳ್ಳಾಗಡ್ಡಿ ಹಾಕ್ರಿ." ಮೊದಲು ಕಲಿತದ್ದು ಝುಣಕ. ಕಡಲೆಹಿಟ್ಟು ಗಂಟುಗಂಟಾಗಿ, ಅದನ್ನು ಅವನು ಬಣ್ಣಿಸಿದ್ದು ಕೇಳಿ ಅವಳು ಅಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೆಲವು ಸಲ ಮಾತು ಮುಗಿದುಹೋಗುತ್ತಿತ್ತು. ಅವಳು ಅಲ್ಲಿ ಬಟ್ಟೆ ಮಡಚುತ್ತ, ಇವನು ಇಲ್ಲಿ ಉಣ್ಣುತ್ತ, ಇಬ್ಬರೂ ಸುಮ್ಮನೆ ಇರುತ್ತಿದ್ದರು. ಅಗ್ಗದ ಕಾರ್ಡಿನ ದೊಡ್ಡ ಸುಖ ಅದು, ಮಾತಾಡದೆಯೂ ಇರಬಹುದಿತ್ತು.

ಒಮ್ಮೆ ಹಾಲು ಕರೆಯುತ್ತಿದ್ದ ಲಕ್ಷ್ಮಮ್ಮ ಅಲ್ಲಿಂದಲೇ ಕೂಗಿದಳು. "ಏನ್ ಬಸಲಿಂಗಪ್ಪಾ, ನಿನ್ ಎಂಡ್ರು ಪಕ್ಕುದ್ ಬೀದೀಲಿ ಕುಂತ್ಕಂಡು ಮಾತಾಡ್ದಂಗೆ ಕೇಳುಸ್ತದಲ್ಲಪ್ಪ!" ಪಾಪ, ಅವಳು ಖುಷಿಯಿಂದಲೇ ಅಂದದ್ದು. ಬಸಲಿಂಗನೂ ನಕ್ಕಿದ್ದ.

ಆ ನಗುವನ್ನು ಕೆಡಿಸಿದವನು ಮಲಕಪ್ಪ. ಸಿಂದಗಿ ಕಡೆಯವನು, ಬಸಲಿಂಗನ ಪಕ್ಕದ ಪ್ರೆಸ್ಸಿನಲ್ಲಿ ಕೆಲಸ, ಬೇರೆಯವರ ಮನೆಯ ವಿಷಯವೆಂದರೆ ಊಟ ಬಿಟ್ಟು ಕೇಳುವ ಮನುಷ್ಯ. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಬಸಲಿಂಗ ಹೆಮ್ಮೆಯಿಂದ ಫೋನು ತೋರಿಸಿದ. ನೋಡು, ವಾರಾ ವಾರಾ ತಪ್ಪದೆ ಮಾಡತಾಳ ಎಂದು. ಮಲಕಪ್ಪ ನಂಬರನ್ನು ಕಣ್ಣು ಕಿರಿದು ಮಾಡಿ ನೋಡಿದ.

"ಇದು ನಮ್ಮ ನಂಬರ್ ಐತಲ್ಲೋ ತಮ್ಮಾ. ನನ್ನ ಅಳಿಯ ದುಬೈಯಿಂದ ಮಾಡಿದ್ರ ಮುಂದ ಪ್ಲಸ್ ಬರತೈತಿ, ನಂಬರ್ ಇಷ್ಟುದ್ದ ಇರತೈತಿ. ಇದು ಬೆಂಗಳೂರಿನ ಸಿಮ್."

"ಆಕಿ ಅಲ್ಲೇ ಅದಾಳ. ಕಾರ್ಡಿನಿಂದ ಮಾಡತಾಳ."

"ಕಾರ್ಡೋ ಪಾರ್ಡೋ. ನೀ ಒಮ್ಮೆರ ತಿರುಗಿ ಮಾಡಿ ನೋಡೀಯೇನು?"

"ಮಾಡಬ್ಯಾಡ ಅಂದಾಳ."

ಮಲಕಪ್ಪ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ. ಹಾಳಾದವನು ಏನಾದರೂ ಅಂದಿದ್ದರೆ ಬಸಲಿಂಗ ಜಗಳವಾಡಿ ಮರೆತುಬಿಡುತ್ತಿದ್ದನೇನೋ.

ಸಂಜೆ ಬಸ್ ಸ್ಟಾಪಿನಲ್ಲಿ ಒಬ್ಬನೇ ನಿಂತು ಬಸಲಿಂಗ 'ಶೈಲಾ' ಒತ್ತಿದ. ಜೋರ್ಡಾನಿಗೆ ಹೋಗುವ ಫೋನು ಅಷ್ಟು ಸಲೀಸಾಗಿ ರಿಂಗಾಗುತ್ತದೆಯೇ? ಆಯಿತು. ಯಾರೋ ಎತ್ತಿದರು. ಹಿಂದೆ ಕಂಡಕ್ಟರ್ ಒಬ್ಬ ಗಂಟಲು ಹರಿದುಕೊಳ್ಳುತ್ತಿದ್ದ: "ನೆಲಮಂಗ್ಲ, ನೆಲಮಂಗ್ಲ ಸ್ಟ್ಯಾಂಡು, ಇಳ್ಕಳಿ ಬೇಗ!" ಆಮೇಲೆ ಒಂದು ಗಂಡಸಿನ ದನಿ, "ಅಲೋ, ಯಾರು?"

ಬಸಲಿಂಗ ತಟ್ಟನೆ ಫೋನು ಕಟ್ ಮಾಡಿದ. ಅವನ ರೂಮಿನಿಂದ ನೆಲಮಂಗಲ ಬಸ್ಸಿನಲ್ಲಿ ಕೂತರೆ ಕಣ್ಣು ಮುಚ್ಚಿ ತೆರೆಯುವಷ್ಟು ಹಾದಿ.

ಅಲ್ಲಿಂದ ಅವನ ತಲೆಗೆ ಹುಳ ಹೊಕ್ಕಿತು. ಏರ್‌ಪೋರ್ಟಿನ ಬಾಗಿಲೊಳಗೆ ಹೋದದ್ದು ಕಂಡಿದ್ದ, ನಿಜ. ವಿಮಾನ ಹತ್ತಿದ್ದು ಕಂಡಿದ್ದನೇ? ತಿರುಗಿ ಫೋನ್ ಮಾಡಬೇಡ ಅಂದದ್ದು ಯಾಕೆ? ದನಿ ಪಕ್ಕದ ಬೀದಿಯಿಂದ ಬಂದಂತೆ ಕೇಳುತ್ತದೆಂದು ಲಕ್ಷ್ಮಮ್ಮ ಸುಮ್ಮನೆ ಅಂದಳೇ? ಎಂಟು ವರ್ಷ ಒಂದೇ ತಾಟಿನಲ್ಲಿ ಉಂಡ ಹೆಂಡತಿಯ ಮೇಲೆ ಒಂದು ಫೋನ್ ನಂಬರು ನೋಡಿ ಅನುಮಾನ! ಥೂ ನಿನ್ನ ಎಂದು ಅವನೇ ತನ್ನನ್ನು ಬೈದುಕೊಂಡ. ಬೈದುಕೊಂಡರೂ ಆ ಗಂಡಸಿನ "ಅಲೋ" ಕಿವಿಯಿಂದ ಹೋಗಲಿಲ್ಲ.

ಶುಕ್ರವಾರ ಬಂತು. 'ಶೈಲಾ' ಮೂಡಿತು.

"ಇವತ್ತ ಏನ್ ಮಾಡೂಣ್ರಿ? ಬದನಿಕಾಯಿ ತಂದೀರೇನು?"

"ಅಲ್ಲೆ ಈಗ ಎಷ್ಟು ಹೊತ್ತಾಗೈತಿ?"

"ಮಧ್ಯಾಹ್ನ. ಯಾಕ?"

"ಬಾಜೂಕ ಯಾರದಾರ? ಫೋನ್ ಕೊಡು ಅವರ ಕೈಯಾಗ."

ಅವಳು ನಕ್ಕು ಕೊಟ್ಟಳು. ಯಾರೋ ಹುಡುಗಿ ಅರ್ಥವಾಗದ ಭಾಷೆಯಲ್ಲಿ ಏನೋ ಅಂದು ಕಿಲಕಿಲ ನಕ್ಕಳು. ಬಸಲಿಂಗನಿಗೆ ಅದು ತಮಿಳಿನಂತೆ ಕೇಳಿಸಿತು. ತಮಿಳು ಮಾತಾಡುವ ಹುಡುಗಿಯರಿಗೆ ಬೆಂಗಳೂರಿನಲ್ಲಿ ಬರಗಾಲವೇ? ಫೋನು ಮತ್ತೆ ಶೈಲಶ್ರೀಯ ಕೈಗೆ ಬಂದಾಗ ಅವನ ಬಾಯಿಂದ ಅದು ಬಂದೇಬಿಟ್ಟಿತು.

"ಶೈಲಾ, ನೀ ಖರೇನ ಅಲ್ಲೇ ಅದೀಯೇನು?"

"ಅಂದ್ರ?"

"ನಿನ್ನ ನಂಬರ್ ಇಲ್ಲೀದು ಐತಿ. ತಿರುಗಿ ಮಾಡಿದ್ರ ನೆಲಮಂಗಲದಾಗ ಯಾವನೋ ಎತ್ತತಾನ. ಏನಿದು?"

ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಎಂದಿನ ಸುಮ್ಮನಿರುವಿಕೆ ಅಲ್ಲ ಅದು. ಕೊನೆಗೆ ಅವಳು ಅಂದದ್ದು ಇಷ್ಟೇ: "ಹಿಂಗ್ ಕೇಳ್ತೀರಿ ಅಂತ ಅನಕೊಂಡಿದ್ದಿಲ್ರಿ." ಫೋನು ಕಟ್ಟಾಯಿತು.

ಈಗ ಬೈಯಿರಿ, ನನ್ನ ಅಡ್ಡಿಯಿಲ್ಲ. ಆದರೆ ಅವನು ಅಲ್ಲಿಗೂ ನಿಲ್ಲಿಸಲಿಲ್ಲ. ಭಾನುವಾರ ಬೆಳಿಗ್ಗೆ ಎದ್ದು ನೆಲಮಂಗಲಕ್ಕೆ ಹೋದ.

ಬಸ್ ಸ್ಟ್ಯಾಂಡಿನಲ್ಲಿ ಒಂದು ಕಂಬಕ್ಕೆ ಒರಗಿ ನಿಂತು, ಇಳಿಯುವ ಹತ್ತುವ ಹೆಂಗಸರ ಮುಖ ನೋಡತೊಡಗಿದ. ಬಿಸಿಲೇರಿತು. ಒಬ್ಬಳು ಗದರಿಸಿದಳು, ಇನ್ನೊಬ್ಬಳು ಸೆರಗು ಸರಿಮಾಡಿಕೊಂಡು ಆಚೆ ಸರಿದಳು. ಒಂದು ಹಸಿರು ಸೀರೆ ಹಿಂದಿನಿಂದ ಥೇಟ್ ಶೈಲಶ್ರೀಯಂತೆ ಕಂಡು ಬಸಲಿಂಗನ ಕಾಲು ತಾನಾಗಿ ಎರಡು ಹೆಜ್ಜೆ ಓಡಿತು. ಆ ಹೆಂಗಸು ತಿರುಗಿದಳು. ಅವಳಲ್ಲ. ಆಗ ಅವನಿಗೆ ಸಮಾಧಾನವಾಗಬೇಕಿತ್ತು, ಆದರೆ ಅವಳು ಕಣ್ಮರೆಯಾಗುವ ತನಕ ಆ ಸೀರೆಯನ್ನೇ ನೋಡುತ್ತ ನಿಂತ. ಅದು ಯಾಕೆಂದು ಅವನಿಗೆ ಆಗ ತಿಳಿಯಲಿಲ್ಲ.

ಕೊನೆಗೆ ಫೋನು ತೆಗೆದು 'ಶೈಲಾ' ಒತ್ತಿದ. ಎಲ್ಲಿಯೋ ಹತ್ತಿರದಲ್ಲೇ ಫೋನು ಹೊಡೆದುಕೊಂಡಿತು. ತಿರುಗಿ ನೋಡಿದರೆ ಸೀಬೆಹಣ್ಣಿನ ತಳ್ಳುಗಾಡಿಯ ಹಿಂದೆ ಒಬ್ಬ ಮುದುಕ, ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಕವರು ತೆಗೆದು, ಕವರಿನಿಂದ ಫೋನು ತೆಗೆದು, ಕಿವಿಗಿಟ್ಟುಕೊಂಡ. "ಅಲೋ, ಯಾರು?"

ಬಸಲಿಂಗ ಗಾಡಿಯ ಮುಂದೆ ಹೋಗಿ ನಿಂತ. "ಈ ನಂಬರ್ ನಿಮ್ಮದೇನ್ರಿ?"

ಮುದುಕ ಅವನ ಕೈಯಲ್ಲಿದ್ದ ಫೋನು ನೋಡಿದ, ಮುಖ ನೋಡಿದ. ಹೆದರಲಿಲ್ಲ, ಸಿಟ್ಟಾಗಲಿಲ್ಲ. "ಯಾವ್ ಕಡೆಯೋರು ಸಾಮಿ? ಕುವೈತಾ, ಸೌದಿನಾ?"

"ಜೋರ್ಡಾನ್," ಅಂದ ಬಸಲಿಂಗ, ತನಗೇ ತಿಳಿಯದಂತೆ.

"ಅದೊಂದಿರ್ನಿಲ್ಲ, ಅದೂ ಬಂತಾ." ಮುದುಕ ಹಣ್ಣಿನ ಮೇಲೆ ನೀರು ಚಿಮುಕಿಸಿದ. ಅವನ ಹೆಸರು ಹನುಮಂತರಾಯಪ್ಪ. "ಓದ್ ವರ್ಸದಿಂದ ಇದೇ ಪಾಡು. ಮೊಬೈಲ್ ಅಂಗ್ಡಿ ಉಡುಗ್ರು ಯೋಳುದ್ರು. ಆ ಅಗ್ಗದ್ ಕಾರ್ಡು ಎತ್ತೆತ್ಲಾಗೋ ಸುತ್ತಾಕ್ಕಂಡು ಬತ್ತದಂತೆ, ಬರೋವಾಗ ದಾರೀಲಿ ಯಾರ್ದೋ ನಂಬ್ರು ಅಂಟುಸ್ಕಂಡು ಬತ್ತದಂತೆ. ನಂದು ಸಿಕ್ತು ನೋಡು. ಅಲ್ಲಿಂದ ಮಾತಾಡೋರು ಯಾರೋ, ಇಲ್ಲಿ ಕಾಣ್ಸೋದು ನಾನು."

ಬಸಲಿಂಗ ತನ್ನ ಫೋನಿನ ಮೇಲಿನ 'ಶೈಲಾ'ವನ್ನೇ ನೋಡಿದ.

"ತುಮ್ಕೂರ್ ಕಡೆ ಒಂದಮ್ಮ ಐತೆ," ಹನುಮಂತರಾಯಪ್ಪ ಮುಂದುವರಿಸಿದ. "ಮಗ ಸೌದೀಲವ್ನೆ. ನಾನು ಅಲೋ ಅನ್ನೋದ್ರೊಳ್ಗೆ ಮಗಾ ಉಂಡ್ಯಾ ಅಂತದೆ. ಮೊದ್ಲೆಲ್ಲ ರಾಂಗ್ ನಂಬ್ರು ಕಣವ್ವ ಅಂತಿದ್ದೆ. ಕಿವಿ ಸರ್ಯಾಗ್ ಕೇಳ್ಸಾಕಿಲ್ಲ ಪಾಪ. ಈಗ ಉಂಡೆ ಕಣವ್ವ ಅಂದ್ಬುಡ್ತೀನಿ. ನಂಬ್ರು ಬದ್ಲಾಯಿಸ್ಕೋ ತಾತ ಅಂತಾರೆ ಉಡುಗ್ರು. ಬದ್ಲಾಯಿಸ್ಬುಟ್ರೆ ಆವಮ್ಮ ಎಲ್ಲಿಗ್ ಮಾಡ್ಬೇಕು? ಅದಿರ್ಲಿ, ನಿಮ್ಮೋರು ಯಾರು ಅಲ್ಲಿರೋದು?"

"ಹೆಂಡ್ತಿ."

"ಅಲ್ಲಿರೋ ಎಂಡ್ತಿನ ಇಲ್ಯಾಕ್ ಉಡುಕ್ತಿದ್ದೀಯಪ್ಪ? ಬೆಳಗ್ಗಿಂದ ನೋಡ್ತಾವ್ನಿ, ಕಂಬಕ್ಕೆ ಅಂಟ್ಕಂಡು ನಿಂತಿದ್ದೆ."

ಬಸಲಿಂಗ ತಲೆ ತಗ್ಗಿಸಿದ. ಮುದುಕನಿಗೆ ಅರ್ಥವಾಯಿತು. ಒಂದು ಸೀಬೆಹಣ್ಣು ಕೊಯ್ದು ಉಪ್ಪುಕಾರ ಹಚ್ಚಿ ಅವನ ಕೈಗಿಟ್ಟು, "ತಿನ್ನು, ಬಿಸ್ಲಾಗ್ ನಿಂತಿದ್ದೀಯ" ಅಂದ. ಬಸಲಿಂಗ ಆ ಹಣ್ಣನ್ನು ಕೈಯಲ್ಲಿ ಹಿಡಿದೇ ಬಸ್ಸು ಹತ್ತಿದ.

ಮುಂದಿನ ಶುಕ್ರವಾರ ಅವನು ಫೋನನ್ನು ಎದುರಿಗಿಟ್ಟುಕೊಂಡು ಕಾದ. ಏನೇನು ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದ. ಫೋನು ಬಂತು. 'ಶೈಲಾ' ಮೂಡಲಿಲ್ಲ. ಪ್ಲಸ್ ಹಾಕಿದ, ಉದ್ದನೆಯ, ಸಾಚಾ ಹೊರದೇಶದ ನಂಬರು.

"ಹಾಸ್ಟೆಲ್ ಆಫೀಸಿನ ಫೋನ್‌ನಿಂದ ಸೀದಾ ಮಾಡೀನಿ," ಅಂದಳು ಶೈಲಶ್ರೀ. "ನಂಬರ್ ಕಾಣಾಕತ್ತೈತೇನ್ರಿ? ಚಂದಾಗಿ ನೋಡ್ರಿ."

"ಶೈಲಾ, ನನಗ ಗೊತ್ತಾಗೈತಿ, ನಾನು..."

"ಅರಾಮದೀನಿ. ನೀವೂ ಅರಾಮ ಇರ್ರಿ. ಇಡ್ತೀನಿ, ಬಾಳ ರೊಕ್ಕ ಹೊಕ್ಕೈತಿ."

ಅಷ್ಟೇ. ಅದರ ಮುಂದಿನ ವಾರವೂ ಹಾಗೆಯೇ, ಅದರ ಮುಂದಿನ ವಾರವೂ ಹಾಗೆಯೇ. ಪ್ಲಸ್ ನಂಬರು, ಅರಾಮ, ಇಡ್ತೀನಿ. ಅವನು ಕೇಳಿದ್ದ ಸಾಕ್ಷಿಯನ್ನು ಅವಳು ತಪ್ಪದೆ ಕೊಡುತ್ತಿದ್ದಳು, ಆದರೆ ಅದರಲ್ಲಿ ಒಂದು ಕ್ಷಮೆ ಕೇಳುವಷ್ಟು ಜಾಗವೂ ಇರುತ್ತಿರಲಿಲ್ಲ. ಅವನು ಬಾಯಿ ತೆರೆಯುವುದರೊಳಗೆ ಫೋನು ಸತ್ತಿರುತ್ತಿತ್ತು. ಗೂಡಿನಲ್ಲಿ ಫೋನಿಲ್ಲದೆ ಅಡಿಗೆ ಮಾಡಲು ಅವನಿಗೆ ಮನಸ್ಸು ಬರಲಿಲ್ಲ, ಮತ್ತೆ ಬ್ರೆಡ್ಡಿಗೆ ಇಳಿದ. ಮಲಕಪ್ಪ ಪ್ಲಸ್ ನಂಬರು ನೋಡಿ, "ಹಾಂ, ಈಗ ಖರೇ ಐತಿ ನೋಡು" ಅಂದಾಗ ಅವನ ಡಬ್ಬಿಯನ್ನು ಎತ್ತಿ ಬಿಸಾಡಬೇಕೆನಿಸಿತು. ಆದರೆ ಮಲಕಪ್ಪನದೇನು ತಪ್ಪು? ಅವನು ಅಂದ, ನಂಬಿದವನು ತಾನು.

ಲಕ್ಷ್ಮಮ್ಮ ಹಾಲು ಕೊಡಲು ಬಂದವಳು ಬಾಗಿಲಲ್ಲೇ ನಿಂತಳು. "ಯಾಕಪ್ಪ ಈಗ ನಿಮ್ಮನೇಲಿ ಮಾತೇ ಕೇಳ್ಸಾಕಿಲ್ಲ? ಏನಾರ ಅಂದ್ಯಾ ಆ ಮಗೀಗೆ?"

"ಅಂದ್ಬಿಟ್ಟೀನ್ರಿ ಅಮ್ಮಾ."

"ಅಂದಿದ್ರೆ ನೀನೇ ಮಾಡಿ ಮಾತಾಡು. ಅವ್ಳೇ ಮಾಡ್ಲಿ ಅಂತ ಕುಂತಿದ್ದೀಯಾ, ಗಂಡ್ಸು?"

ಅದು ನಾಟಿತು. ಶನಿವಾರ ಸಂಜೆ ಅವನು ತುಮಕೂರು ರಸ್ತೆಯ ಬದಿಯ ಫೋನ್ ಬೂತಿಗೆ ಹೋದ. ಮೊಬೈಲುಗಳ ಮಧ್ಯೆ ಹೇಗೋ ಉಸಿರಾಡಿಕೊಂಡಿದ್ದ ಹಳೆಯ ಬೂತು. ಜೋರ್ಡಾನಿನ ನಂಬರು ಕೊಟ್ಟಾಗ ಬೂತಿನವನು ಅವನನ್ನು ಮೇಲಿಂದ ಕೆಳಗೆ ನೋಡಿದ. ಫೋನೆತ್ತಿದವರು ಇಂಗ್ಲಿಷಿನಲ್ಲಿ ಏನೋ ಕೇಳಿದರು. "ಶೈಲಶ್ರೀ, ಇಂಡಿಯಾ, ಸೂಪರ್‌ವೈಸರ್," ಅಂದ ಬಸಲಿಂಗ. ಅವಳನ್ನು ಕರೆಯಲು ಹೋದರು. ಮೀಟರಿನ ಕೆಂಪು ಅಂಕಿಗಳು ಓಡುತ್ತಿದ್ದವು. ಬೂತಿನವನು ಗಾಜಿನಾಚೆಯಿಂದ ಮೀಟರು ತೋರಿಸಿ ಕೈಸನ್ನೆ ಮಾಡಿದ. ಬಸಲಿಂಗ ಆ ಕಡೆಗೆ ಬೆನ್ನು ತಿರುಗಿಸಿದ.

"ಯಾರು? ರೀ? ಏನಾತ್ರಿ? ಯಾರಿಗೆ ಏನಾತು?" ಶೈಲಶ್ರೀ ಓಡಿ ಬಂದಿದ್ದಳು, ಏದುಸಿರು ಕೇಳುತ್ತಿತ್ತು.

"ಯಾರಿಗೂ ಏನೂ ಆಗಿಲ್ಲ. ನೀ ಇಡಬ್ಯಾಡ. ನಾ ಹೇಳೂತನಕ ಇಡಬ್ಯಾಡ." ಅವನು ಉಸಿರು ತೆಗೆದುಕೊಂಡ. "ನಾ ನೆಲಮಂಗಲಕ್ಕ ಹೋಗಿದ್ದೆ. ನಿನ್ನ ಹುಡುಕಾಕ. ಬಸ್ ಸ್ಟ್ಯಾಂಡಿನ್ಯಾಗ ಹೆಂಗಸರ ಮಾರಿ ನೋಡಕೋಂತ ನಿಂತಿದ್ದೆ. ಆ ನಂಬರ್ ಒಬ್ಬ ಹಣ್ಣು ಮಾರೂ ಅಜ್ಜಂದು. ತಪ್ಪಾತು ಶೈಲಾ. ನಿನ್ನಂಥಾಕಿನ್ನ ಹಂಗ ಕೇಳಬಾರದಿತ್ತು."

ಮೀಟರಿನ ಅಂಕಿಗಳು ಓಡಿದವು.

"ಸಿಕ್ಕಿದ್ರ ಏನ್ ಮಾಡ್ತಿದ್ರಿ?" ಅಂದಳು ಅವಳು.

ಆ ಹಸಿರು ಸೀರೆಯನ್ನೇ ನೋಡುತ್ತ ನಿಂತದ್ದು ಯಾಕೆಂದು ಅವನಿಗೆ ಈಗ ತಿಳಿಯಿತು.

"ಸಂಜಿ ಬಸ್ಸಿಗೆ ಮನಿಗೆ ಕರಕೊಂಡು ಬರ್ತಿದ್ದೆ," ಅಂದ. "ಖರೇ ಹೇಳ್ತೀನಿ. ಸಿಗಬಾರದು ಅಂತ ಅಂಜಿಕಿನೂ ಇತ್ತು, ಸಿಕ್ಕರ ಸಿಗಲಿ ಅಂತ ಆಸೆನೂ ಇತ್ತು. ಅಷ್ಟು ಹತ್ತಿರ ಇದ್ದಿದ್ರ..."

ಅವಳು ಉಸಿರಾಡುವುದು ಕೇಳುತ್ತಿತ್ತು. ಅತ್ತಳೋ, ಬರೀ ಏದುಸಿರೋ, ಅವನಿಗೆ ಗೊತ್ತಾಗಲಿಲ್ಲ. "ಇಡ್ರಿ ಇನ್ನ," ಅಂದಳು, "ಬಾಳ ಹೊತ್ತಾತು." ಫೋನು ಕಟ್ಟಾಯಿತು. ಬಿಲ್ಲು ನೋಡದೆ ಬಸಲಿಂಗ ಜೇಬಿನಲ್ಲಿದ್ದುದನ್ನೆಲ್ಲ ಮೇಜಿನ ಮೇಲಿಟ್ಟು ನಡೆದುಕೊಂಡು ಮನೆಗೆ ಬಂದ.

ಶುಕ್ರವಾರ ಸಂಜೆ ಪ್ಲಸ್ ನಂಬರು ಬರಲಿಲ್ಲ. ಯಾವ ನಂಬರೂ ಬರಲಿಲ್ಲ. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆಂದು ಅವನು ಬಹಳ ದಿನಗಳ ಮೇಲೆ ಒಲೆ ಹಚ್ಚಿ ಝುಣಕಕ್ಕೆ ಇಟ್ಟ. ಹಿಟ್ಟು ಕಲಸುವಾಗ ಫೋನು ಹೊಡೆದುಕೊಂಡಿತು. 'ಶೈಲಾ'. ಬಸಲಿಂಗ ಹಿಟ್ಟಿನ ಕೈಯಲ್ಲೇ ಎತ್ತಿದ.

"ಅಲೋ, ನಾನು ಕಣಪ್ಪ, ನೆಲಮಂಗ್ಲದ ಹನುಮಂತರಾಯಪ್ಪ, ಸೀಬೆಹಣ್ಣು. ನೀನವತ್ತು ಮಾಡಿದ್ ನಂಬ್ರು ಇತ್ತಲ್ಲ, ಅದ್ಕೆ ಮಾಡ್ದೆ. ನಿಮ್ಮನೆಯೋರು ಮಾತಾಡುದ್ರಾ?"

"ಇಲ್ರಿ ಅಜ್ಜಾರ," ಅಂದ ಬಸಲಿಂಗ.

"ಮಾಡ್ತಾರೆ, ಬುಡು. ಸಿಟ್ಟು ಎಷ್ಟು ದಿನ ಇರ್ತದೆ?" ಎಂದು ಮುದುಕ ಇಟ್ಟ.

ಬಸಲಿಂಗ ಕುದಿಯುವ ಒಗ್ಗರಣೆ ನೀರಿಗೆ ಹಿಟ್ಟು ಸುರಿದು ತಿರುವತೊಡಗಿದ. ಮತ್ತೆ ಫೋನು. ಮತ್ತೆ 'ಶೈಲಾ'. ಅವನಿಗೆ ನಗು ಬರಬೇಕೋ ಅಳು ಬರಬೇಕೋ ತಿಳಿಯಲಿಲ್ಲ. ಒಂದು ಕೈಯಲ್ಲಿ ಸೌಟು ಹಿಡಿದೇ ಎತ್ತಿದ.

"ಅಜ್ಜಾರ, ಈಗ ಹೇಳಿದೆನಲ್ರಿ, ಇನ್ನೂ ಮಾಡಿಲ್ಲಾಕಿ. ನೀವು ಇಡ್ರಿ, ಲೈನ್ ಖಾಲಿ ಇರಲಿ. ಯಾವ ನಂಬರಿನಿಂದರ ಮಾಡಲ್ರಿ, ನಿಮ್ಮ ನಂಬರಿನಿಂದ ಮಾಡಲಿ, ಪಾತಾಳದಿಂದ ಮಾಡಲಿ, ನಾ ಇನ್ನ ಯಾವತ್ತೂ ನೋಡೂದಿಲ್ಲ. ಆಕಿ ಮಾತಾಡದಿದ್ರೂ ನಡೀತೈತ್ರಿ. ಆಕಿ ಅಲ್ಲೆ, ನಾ ಇಲ್ಲೆ, ಸುಮ್ಮನ ಕುಂತು ಎಷ್ಟು ದಿನ ಆತು ಗೊತ್ತೈತೇನ್ರಿ ನಿಮಗ?"

ಆ ಕಡೆಯಿಂದ ಮುದುಕನ ದನಿ ಬರಲಿಲ್ಲ. ಕಂಡಕ್ಟರನ ಕೂಗೂ ಇರಲಿಲ್ಲ. ತುಸು ತಡವಾಗಿ ಯಾರೋ ಮೂಗು ಏರಿಸಿದ ಸದ್ದು ಬಂತು.

"ಒಲಿ ಮ್ಯಾಲ ಏನಿಟ್ಟೀರಿ?" ಅಂದಳು ಶೈಲಶ್ರೀ.

ಬಸಲಿಂಗನ ಕೈ ನಿಂತುಬಿಟ್ಟಿತು. "ಝುಣಕ."

"ತಳ ಹತ್ತಾಕತ್ತೈತಿ, ಇಲ್ಲೀತನಕ ಕೇಳಾಕತ್ತೈತಿ ಸಪ್ಪಳ. ಮೊದಲ ಉರಿ ಸಣ್ಣ ಮಾಡ್ರಿ."

ಅವನು ಉರಿ ಸಣ್ಣ ಮಾಡಿ, ಫೋನನ್ನು ಗೂಡಿನಲ್ಲಿಟ್ಟು, ಹಿಟ್ಟು ತಿರುವಿದ. ಆಮೇಲೆ ಬಹಳ ಹೊತ್ತು ಇಬ್ಬರೂ ಏನೂ ಮಾತಾಡಲಿಲ್ಲ.